ಯಾವ ಕತ್ಲು ಮಗಾ?

ಆಫೀಸಿಗೆ ಹೊಸದಾಗಿ ಸೇರಿದವರು ಒಂದೆರಡು ತಿಂಗಳಾದ ಮೇಲೆ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ಕ್ಯಾಂಟೀನಿನಲ್ಲಿ ತಟ್ಟೆ ಮುಂದೆ ನಾನು ಅರೆಗಳಿಗೆ ಕಣ್ಣು ಮುಚ್ಚುವುದನ್ನು ನೋಡಿರುತ್ತಾರೆ, ಡಿಸೆಂಬರ್ ಕೊನೆಗೆ ರಜೆ ಹಾಕುವುದನ್ನೂ ನೋಡಿರುತ್ತಾರೆ. ಐಡಿ ಕಾರ್ಡಿನಲ್ಲಿರುವ ಹೆಸರಿಗೂ ಇದಕ್ಕೂ ತಾಳೆಯಾಗುವುದಿಲ್ಲ. "ಸರ್, ನೀವು ಕ್ರಿಶ್ಚಿಯನ್ನಾ? ಅಲ್ಲಾ, ಹೆಸರು..." ಅಂತ ಅರ್ಧಕ್ಕೆ ನಿಲ್ಲಿಸುತ್ತಾರೆ. ಹೆಸರು ನಮ್ಮ ತಾತನದು, ತಾತನಿಗೆ ಮನೆದೇವರಿಂದ ಬಂದದ್ದು. ನಾನು ಬದಲಾಯಿಸಿಲ್ಲ. "ಹೌದು, 2012ರಲ್ಲಿ ಆದೆ" ಅನ್ನುತ್ತೇನೆ. ಎರಡನೇ ಪ್ರಶ್ನೆ, "ಲವ್ ಮ್ಯಾರೇಜಾ ಸರ್?" ಅಲ್ಲ ಅಂದರೆ ಮೂರನೆಯದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಮುಖದಲ್ಲಿ ಕಾಣುತ್ತದೆ: ಹಾಗಾದರೆ ಎಷ್ಟು ಕೊಟ್ಟರು?

ಯಾರೂ ಏನೂ ಕೊಡಲಿಲ್ಲ. ಭಾನುವಾರ ಬೆಳಗಿನ ನಿದ್ದೆ ಹೋಯಿತು, ಸಂಬಳದಲ್ಲಿ ಹತ್ತರಲ್ಲೊಂದು ಪಾಲು ಪ್ರತಿ ತಿಂಗಳೂ ಹೋಗುತ್ತದೆ. ಆದರೆ ನಾನು ಇಲ್ಲಿ ಬರೆಯಹೊರಟಿದ್ದು ಆಫೀಸಿನವರ ಪ್ರಶ್ನೆಯ ಬಗ್ಗೆ ಅಲ್ಲ, ನಮ್ಮಮ್ಮ ಕೇಳಿದ ಒಂದು ಪ್ರಶ್ನೆಯ ಬಗ್ಗೆ.

ಅದಕ್ಕೆ ಮೊದಲು 'ಸಾಕ್ಷಿ' ಅಂದರೆ ಏನು ಅಂತ ಹೇಳಬೇಕು. ನಮ್ಮಂಥ ಸಭೆಗಳಲ್ಲಿ, ಅಂದರೆ ಹುಟ್ಟಿನಿಂದ ಕ್ರೈಸ್ತರಾಗಿರದೆ ಮಧ್ಯದಲ್ಲಿ ಬಂದು ಸೇರಿದವರೇ ಹೆಚ್ಚಾಗಿರುವ ಸಭೆಗಳಲ್ಲಿ, ಆಗಾಗ ಯಾರನ್ನಾದರೂ ಎದ್ದು ನಿಲ್ಲಿಸಿ ಸಾಕ್ಷಿ ಹೇಳಿಸುತ್ತಾರೆ. ಮೊದಲು ಹೇಗಿದ್ದೆ, ಯೇಸು ಹೇಗೆ ಸಿಕ್ಕ, ಈಗ ಹೇಗಿದ್ದೇನೆ. ಐದು ನಿಮಿಷ, ಹತ್ತು ನಿಮಿಷ. ಕುಡಿತ ಬಿಟ್ಟವರು ಹೇಳುತ್ತಾರೆ, ಸಾಯಲು ಹೋಗಿ ಬದುಕಿ ಬಂದವರು ಹೇಳುತ್ತಾರೆ. ಜನ ಅಳುತ್ತಾರೆ, ಸ್ತೋತ್ರ ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನಿಜಕ್ಕೂ ಮುಳುಗಿ ಎದ್ದು ಬಂದವರನ್ನು ನಾನು ಅಲ್ಲಿ ನೋಡಿದ್ದೇನೆ.

ಕಷ್ಟ ಏನೆಂದರೆ ನನ್ನ ಹತ್ತಿರ ಅಂಥ ಕಥೆ ಇರಲಿಲ್ಲ. ಮೊದಲ ಸಲ ಸಾಕ್ಷಿ ಹೇಳಿದಾಗ ಎರಡು ನಿಮಿಷಕ್ಕೆ ಮುಗಿದುಹೋಯಿತು. ಕೆಳಗೆ ಕೂತವರು ಇನ್ನೂ ಬರುತ್ತದೇನೋ ಅಂತ ಕಾಯುತ್ತಿದ್ದರು. ಎರಡನೇ ಸಲಕ್ಕೆ ಒಂದಿಷ್ಟು ಸೇರಿಸಿದೆ. ನಾವು ಸಾಫ್ಟ್‌ವೇರಿನವರು, ಒಂದೇ ಡೆಮೋವನ್ನು ಐದು ಸಲ ಕೊಟ್ಟರೆ ಎಲ್ಲಿ ಜನ ನಿದ್ದೆ ಹೋಗುತ್ತಾರೆ, ಎಲ್ಲಿ ತಲೆ ಎತ್ತುತ್ತಾರೆ ಅಂತ ತಿಳಿದುಬಿಡುತ್ತದೆ. ನಿದ್ದೆ ಬರುವ ಜಾಗ ತೆಗೆದೆ, ತಲೆ ಎತ್ತುವ ಜಾಗ ಉದ್ದ ಮಾಡಿದೆ. ನಾಲ್ಕೈದು ವರ್ಷದಲ್ಲಿ ನನ್ನ ಸಾಕ್ಷಿ ಬಹಳ ಚೆನ್ನಾಗಾಯಿತು. ಬೇರೆ ಸಭೆಗಳಿಗೂ ಕರೆದರು. "ಬೆಟ್ಟದ ಬುಡದ ಹಳ್ಳಿಯ ಕತ್ತಲೆಯಲ್ಲಿ ಹುಟ್ಟಿದವನು ನಾನು" ಅಂತ ಶುರುವಾಗುತ್ತಿತ್ತು. ಯೇಸುವಿನ ಹೆಸರನ್ನೇ ಕೇಳದ ಊರು. ಕಲ್ಲಿಗೆ ಕೋಳಿ ಕೊಯ್ಯುವ ಜನ. ಕುಡುಕ ತಂದೆ. ಪ್ರೀತಿಯೇ ಇಲ್ಲದ ಮನೆ.

2017ರಲ್ಲಿ ಮಗಳ ಮೊದಲ ಹುಟ್ಟುಹಬ್ಬಕ್ಕೆ ಅಮ್ಮ ಬೆಂಗಳೂರಿಗೆ ಬಂದಿದ್ದಳು. ಭಾನುವಾರ ಮನೇಲಿ ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ ಅಂತ ನನ್ನ ಹೆಂಡತಿ ಅಂದಳು. ಅಮ್ಮನೇ "ನಾನೂ ಬತ್ತೀನಿ, ಮಗೀನ ಎತ್ಕೊಂಡಿರ್ತೀನಿ" ಅಂತ ಹೊರಟಳು. ಕೊನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಮ್ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಕೂತಳು. ಪಾಸ್ಟರಿಗೆ ಖುಷಿಯಾಯಿತು. ತಾಯಿ ಬಂದಿದ್ದಾರೆ, ನೀವು ಸಾಕ್ಷಿ ಹೇಳಿ ಬ್ರದರ್ ಅಂದರು. ನನಗೂ ಉತ್ಸಾಹ. ಅಮ್ಮ ಕೇಳಲಿ, ಅವಳ ಮನಸ್ಸೂ ಕರಗಲಿ ಅಂತ. ಅವತ್ತು ಇನ್ನೂ ಚೆನ್ನಾಗಿ ಹೇಳಿದೆ.

ವಾಪಸು ಬರುವಾಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರು ನಿಂತಿತು. ಆ ಜಂಕ್ಷನ್ನಿಗೆ ಹೆಸರು ಬಂದಿರುವುದು ಅಲ್ಲೇ ಇರುವ ಕೇಂದ್ರ ರೇಷ್ಮೆ ಮಂಡಳಿಯಿಂದ ಅಂತ ದಿನಾ ಅಲ್ಲಿ ನಿಂತು ಬೈಯುವ ಎಷ್ಟು ಜನಕ್ಕೆ ಗೊತ್ತೋ. ಅಮ್ಮನಿಗೆ ತೋರಿಸಿದೆ. "ಓ, ಇದೇನಾ" ಅಂದಳು. ಸ್ವಲ್ಪ ಹೊತ್ತು ಆದಮೇಲೆ ಹಿಂದಿನ ಸೀಟಿನಿಂದ ಕೇಳಿದಳು:

"ಯಾವ ಕತ್ಲು ಮಗಾ?"

ನನಗೆ ಮೊದಲು ಅರ್ಥವಾಗಲಿಲ್ಲ.

"ಅಲ್ಲಾ, ಕತ್ಲಲ್ಲಿ ಹುಟ್ಟಿ ಕತ್ಲಲ್ಲಿ ಬೆಳ್ದೆ ಅಂದ್ಯಲ್ಲ. ಕರೆಂಟು ಸರಿಯಾಗಿ ಇರ್ಲಿಲ್ಲ, ಅದು ನಿಜ. ಬುಡ್ಡಿ ಇತ್ತು, ಲಾಟೀನು ಇತ್ತು. ಯಾವ ಕತ್ಲು?"

ಹೆಂಡತಿ ಕಿಟಕಿ ಕಡೆ ನೋಡತೊಡಗಿದಳು. ಅದೊಂದು ಹೇಳುವ ರೀತಿ ಅಮ್ಮಾ, ಅಂದೆ. ಅಮ್ಮ ಸಿಟ್ಟಾಗಿರಲಿಲ್ಲ. ಲೆಕ್ಕ ತಪ್ಪಿದ ಕಡೆ ಬೆರಳಿಟ್ಟು ಕೇಳುವ ಹಾಗೆ ಒಂದೊಂದೇ ಕೇಳಿದಳು. "ನಿಮ್ಮಪ್ಪ ದಿನಾ ಕುಡೀತಿದ್ನಾ?" ಸಿಗ್ನಲ್ ಬಿಟ್ಟಿತು, ಮತ್ತೆ ನಿಂತಿತು. "ಏಸಪ್ಪನ ಹೆಸ್ರೇ ಕೇಳಿರ್ಲಿಲ್ಲ ಅಂದೆ. ನೀನು ಹುಟ್ಟಿದ್ದೇ ಮಿಷನ್ ಆಸ್ಪತ್ರೇಲಿ ಕಣಪ್ಪಾ. ಆ ನರ್ಸಮ್ಮ ನಿನ್ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ಲು. ನಾನೇ ಮಾಡಿ ಅಂದೆ."

ಇದು ನನಗೆ ಗೊತ್ತಿತ್ತಾ? ಆಸ್ಪತ್ರೆ ಗೊತ್ತಿತ್ತು. ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಲಂಡನ್ ಮಿಷನ್ನಿನವರು ಕಟ್ಟಿದ್ದು, ನೂರು ವರ್ಷ ದಾಟಿದೆ. 1947ರಲ್ಲಿ ದಕ್ಷಿಣ ಭಾರತ ಸಭೆ ಅಂತ ಆದಮೇಲೆ ಸಿ.ಎಸ್.ಐ. ಅಂತ ಹೆಸರು ಬಂತು, ಊರ ಕಡೆಯವರ ಬಾಯಲ್ಲಿ ಇವತ್ತಿಗೂ ಮಿಷನ್ ಆಸ್ಪತ್ರೆಯೇ. ನಾನು ಅಲ್ಲೇ ಹುಟ್ಟಿದ್ದು ಅನ್ನುವುದೂ ಗೊತ್ತಿತ್ತು. ನರ್ಸಮ್ಮನ ವಿಷಯ ಗೊತ್ತಿರಲಿಲ್ಲ. ಆದರೆ ಇಷ್ಟು ಗೊತ್ತಿದ್ದೂ "ಹೆಸರೇ ಕೇಳದ ಊರು" ಅಂತ ಐದು ವರ್ಷ ಹೇಳಿಕೊಂಡು ತಿರುಗಿದ್ದೆನಲ್ಲ.

ಇನ್ನು ಅಪ್ಪನ ಕುಡಿತ. ಅಪ್ಪ ಗೂಡು ಮಾರಿದ ದಿನ ಕುಡಿಯುತ್ತಿದ್ದ. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಹರಾಜು ಮುಗಿಸಿ, ದುಡ್ಡು ಎಣಿಸಿಕೊಂಡು, ಜೊತೆಯವರ ಜೊತೆ ಒಂದು ಪ್ಯಾಕೆಟ್ ಸಾರಾಯಿ. ನಮಗೆ ಖಾರಾಬೂಂದಿ ಪೊಟ್ಟಣ, ಅಮ್ಮನಿಗೆ ಹೂವು. ವರ್ಷಕ್ಕೆ ಐದಾರು ಬೆಳೆ, ಅಂದರೆ ಐದಾರು ದಿನ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಅಪ್ಪ ಬಾಟ್ಲಿಗೆ ದುಡ್ಡು ಯಾರು ಕೊಡ್ತಾರೆ ಅಂತ ಅದನ್ನೂ ಬಿಟ್ಟ. ಹೀಗಿದ್ದವನನ್ನು ನಾನು ಮೈಕಿನ ಮುಂದೆ ಕುಡುಕ ಮಾಡಿದ್ದೆ. ಅವನು ಸತ್ತು ಆಗಲೇ ಮೂರು ವರ್ಷವಾಗಿತ್ತು. ಅಲ್ಲ ಅನ್ನಲು ಅವನಿರಲಿಲ್ಲ.

ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿಯ ಬಗ್ಗೆಯೂ ಒಂದು ಆಜ್ಞೆ ಇದೆ. ಅದು ಕೋರ್ಟು ಕಚೇರಿಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದೆ.

ಹಾಗಾದರೆ ನಿಜವಾಗಿ ಆಗಿದ್ದೇನು? ನಾನು 2009ರಲ್ಲಿ ಬಿಇ ಮುಗಿಸಿದವನು. ಆ ಬ್ಯಾಚಿನವರಿಗೆ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಬ್ಯಾಂಕು ಮುಳುಗಿದ್ದಕ್ಕೆ ಇಲ್ಲಿ ನಮ್ಮ ಆಫರ್ ಲೆಟರುಗಳು ಮುಳುಗಿದವು. ಸೇರುವ ತಾರೀಕು ಮುಂದೆ ಹೋಗುತ್ತಾ ಹೋಗುತ್ತಾ ಒಂದು ವರ್ಷ ಕಳೆಯಿತು. ಕೊನೆಗೂ ಕೆಲಸ ಸಿಕ್ಕಾಗ ಅದು ರಾತ್ರಿ ಪಾಳಿಯ ಸಪೋರ್ಟ್ ಕೆಲಸ. ಪಿಜಿಯಲ್ಲಿ ಜೊತೆಗಿದ್ದವನು ಕೆಜಿಎಫ್ ಹುಡುಗ. 2001ರ ಫೆಬ್ರವರಿ ಕೊನೆಯಲ್ಲಿ ಚಿನ್ನದ ಗಣಿ ಮುಚ್ಚಿದಾಗ ಅವರಪ್ಪನ ಕೆಲಸ ಹೋಯಿತು. ಆಮೇಲೆ ಆ ಮನೆ ಹೇಗೆ ನಡೆಯಿತು ಅನ್ನುವುದೇ ಒಂದು ಬೇರೆ ಕಥೆ. ಅವನು ಪ್ರಾರ್ಥನೆ ಮಾಡುತ್ತಿದ್ದ, ನನಗೆ ಏನೂ ಉಪದೇಶ ಮಾಡುತ್ತಿರಲಿಲ್ಲ. ಅವನ ಮಾತು ತಮಿಳು, ಅವನ ಬೈಬಲ್ ಇಂಗ್ಲಿಷು. ನಾನು ಸುಮ್ಮನೆ ಏನಿದೆ ಅದರಲ್ಲಿ ಅಂತ ಕೇಳಿದ್ದಕ್ಕೆ ಎಲ್ಲಿಂದಲೋ ಕನ್ನಡದ ಪುಟ್ಟ ಹೊಸ ಒಡಂಬಡಿಕೆ ತಂದುಕೊಟ್ಟ. ಚಿಕ್ಕದರಿಂದ ಶುರು ಮಾಡು ಅಂತ ಮಾರ್ಕನ ಸುವಾರ್ತೆ ತೋರಿಸಿದ. ಹದಿನಾರೇ ಅಧ್ಯಾಯ.

ಒಂದು ರಾತ್ರಿ ಪಾಳಿಯಲ್ಲಿ ಟಿಕೆಟ್ಟುಗಳು ಕಡಿಮೆಯಿದ್ದವು, ಓದುತ್ತಾ ಹೋದೆ. ಪವಾಡಗಳ ಹತ್ತಿರ ನನಗೆ ಏನೂ ಆಗಲಿಲ್ಲ. ಪವಾಡ ನಮ್ಮೂರಲ್ಲೂ ಇವೆ, ಮುನೇಶ್ವರನೂ ಮಾಡುತ್ತಾನೆ, ಕೈವಾರದ ತಾತಯ್ಯನ ಬಗ್ಗೆಯೂ ಕೇಳಿದ್ದೇನೆ. ಹದಿನಾಲ್ಕನೇ ಅಧ್ಯಾಯಕ್ಕೆ ಬಂದೆ. ನಾಳೆ ಸಾಯಬೇಕು ಅಂತ ಗೊತ್ತಿರುವ ಮನುಷ್ಯ ರಾತ್ರಿ ತೋಟದಲ್ಲಿ ಮೂವರು ಗೆಳೆಯರಿಗೆ ಎಚ್ಚರ ಇರಿ ಅಂತ ಹೇಳಿ, ತಾನು ಸ್ವಲ್ಪ ದೂರ ಹೋಗಿ ನೆಲಕ್ಕೆ ಬಿದ್ದು ಪ್ರಾರ್ಥಿಸುತ್ತಾನೆ. ಬಂದು ನೋಡಿದರೆ ಮೂವರೂ ನಿದ್ದೆ. ಎಬ್ಬಿಸುತ್ತಾನೆ. ಮತ್ತೆ ಹೋಗುತ್ತಾನೆ, ಮತ್ತೆ ಬರುತ್ತಾನೆ, ಮತ್ತೆ ನಿದ್ದೆ. ಮೂರು ಸಲ.

ಅಲ್ಲಿ ನನಗೆ ಅಪ್ಪ ಕಂಡ.

ರೇಷ್ಮೆ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ, ಬೇರೆಯವರಿಗೆ ಸ್ವಲ್ಪ ಹೇಳಬೇಕು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದಕ್ಕೆ ಜ್ವರ ಅನ್ನುತ್ತೇವೆ: ಒಂದನೇ ಜ್ವರ, ಎರಡನೇ ಜ್ವರ. ಜ್ವರದಲ್ಲಿ ಹುಳ ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಮನೆಯವರಿಗೆ ನಿದ್ದೆ ಇಲ್ಲ. ಹುಳು ಮನೆಯಲ್ಲಿ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿರುತ್ತದೆ. ಆ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ, ಕೈ ತೊಳೆಯದೆ ಮುಟ್ಟುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ. ದೇವರಮನೆಗಿಂತ ಹೆಚ್ಚು ಮಡಿ ಅಲ್ಲಿ. ರಾತ್ರಿ ಹನ್ನೊಂದಕ್ಕೆ ಒಂದು ಸಲ, ಮತ್ತೆ ನಸುಕಿಗೆ ಸೊಪ್ಪು ಹಾಕಬೇಕು. ಅಪ್ಪ ಲಾಟೀನು ಹಿಡಿದು ಬಂದು ನನ್ನನ್ನೂ ತಮ್ಮನನ್ನೂ ಎಬ್ಬಿಸುತ್ತಿದ್ದ. "ಏಳ್ರಪ್ಪಾ, ಒಂದೀಟು ಹೊತ್ತು." ಎದ್ದು ಕೂತು ಅಲ್ಲೇ ಗೋಡೆಗೆ ಒರಗಿ ಮಲಗುತ್ತಿದ್ದೆವು. ಅವನು ಎರಡು ತಟ್ಟೆ ಮುಗಿಸಿ ಬಂದು ಮತ್ತೆ ಎಬ್ಬಿಸುತ್ತಿದ್ದ. ಮೂರನೇ ಸಲ ಎಬ್ಬಿಸುತ್ತಿರಲಿಲ್ಲ. ಕಂಬಳಿ ಹೊದೆಸಿ ಹೋಗುತ್ತಿದ್ದ. ಉಳಿದ ತಟ್ಟೆಗಳಿಗೆಲ್ಲ ಅವನೂ ಅಮ್ಮನೂ ಸೇರಿ ಸೊಪ್ಪು ಹಾಕುತ್ತಿದ್ದರು.

ಆ ರಾತ್ರಿ ಆಫೀಸಿನಲ್ಲಿ ಕೂತು ನನಗೆ ಅನಿಸಿದ್ದು ಇಷ್ಟೇ. ದೇವರು ಅಂತ ಒಬ್ಬ ಇದ್ದರೆ ಅವನು ಹೀಗಿರಬೇಕು. ನಿದ್ದೆ ಹೋದವರನ್ನು ಬಿಟ್ಟು ಹೋಗದೆ, ಅವರ ಪಾಲಿನ ಕೆಲಸವನ್ನೂ ತಾನೇ ಮಾಡುವವನು. ಕಣ್ಣು ತುಂಬಿತು. ಮಾನಿಟರಿನ ಹಿಂದೆ ಮುಖ ಮರೆ ಮಾಡಿಕೊಂಡೆ. ಆಮೇಲೆ ಬಹಳ ಓದಿದೆ, ಕೇಳಿದೆ, ವಾದ ಮಾಡಿದೆ. ಆದರೆ ಬಾಗಿಲು ತೆರೆದದ್ದು ಅಲ್ಲಿ. ಅಂದರೆ ನಾನು ಯೇಸುವನ್ನು ಗುರುತು ಹಿಡಿದದ್ದು ನಮ್ಮನೆ ಲಾಟೀನಿನ ಬೆಳಕಿನಲ್ಲಿ. ಅದೇ ಮನೆಯನ್ನು ಕತ್ತಲೆ ಅಂತ ಹೇಳಿಕೊಂಡು ತಿರುಗಿದವನೂ ನಾನೇ.

2012ರಲ್ಲಿ ದೀಕ್ಷಾಸ್ನಾನವಾಯಿತು. ನೀರಲ್ಲಿ ಮುಳುಗಿಸಿ ಎತ್ತಲು ಅರ್ಧ ನಿಮಿಷವೂ ಬೇಡ. ಆಗ ಅರ್ಜಿ ಗಿರ್ಜಿ ಏನೂ ಇರಲಿಲ್ಲ. ಹತ್ತು ವರ್ಷ ತಡವಾಗಿ, ಅಂದರೆ 2022ರ ಕಾನೂನು ಬಂದಮೇಲೆ ಆಗಿದ್ದರೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಬರೆದುಕೊಡಬೇಕಿತ್ತು, ನನ್ನ ಹೆಸರು ನೋಟಿಸ್ ಬೋರ್ಡಿಗೆ ಏರುತ್ತಿತ್ತು. ನಾನು ಅಪ್ಪ ಅಮ್ಮನಿಗೆ ಹೇಳಿದ್ದು ಆದಮೇಲೆ ಹದಿನೈದು ದಿನಕ್ಕೆ, ಅದೂ ಫೋನಿನಲ್ಲಿ. ಹೆತ್ತವರಿಗಿಂತ ಮೊದಲು ಡಿಸಿ ಸಾಹೇಬರಿಗೆ ಗೊತ್ತಾಗುವುದು ಸರಿಯಲ್ಲ ಅನ್ನುವವನು ನಾನು. ಆದರೆ ಹೆತ್ತವರಿಗೆ ಮೊದಲು ಹೇಳುವ ಧೈರ್ಯ ನನಗೂ ಇರಲಿಲ್ಲ ನೋಡಿ. ಅಪ್ಪ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂದ.

ಆಮೇಲಿನ ಎರಡು ವರ್ಷ ನಾನು ಊರಿಗೆ ಹೋದಾಗ ನಡೆದುಕೊಂಡ ರೀತಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹಬ್ಬದ ಅಡಿಗೆ ಮುಟ್ಟುತ್ತಿರಲಿಲ್ಲ. ಗಂಗಮ್ಮನ ಜಾತ್ರೆಯ ವಂತಿಗೆ ಕೊಡಬೇಡ ಅಂತ ಅಪ್ಪನ ಜೊತೆ ಜಗಳ ಆಡಿದೆ. ಗೋಡೆ ಮೇಲಿನ ಪಟಗಳ ಬಗ್ಗೆ ಭಾಷಣ ಮಾಡಿದೆ. ಹೊಸದಾಗಿ ಬೈಕ್ ಕಲಿತ ಹುಡುಗ ಇರೋ ಬರೋ ಕಡೆಯೆಲ್ಲ ಹಾರ್ನ್ ಹೊಡೆದುಕೊಂಡು ಹೋಗುತ್ತಾನಲ್ಲ, ಹಾಗೆ.

2014ರಲ್ಲಿ ಅಪ್ಪ ತೀರಿಕೊಂಡ. ನಮ್ಮಲ್ಲಿ ಸುಡುವುದಿಲ್ಲ, ಹೊಲದಲ್ಲೇ ಹೂಳುತ್ತೇವೆ. ಹಿರಿಮಗ ನಾನು. ಗುಂಡಿಯ ಹತ್ತಿರ ಕರ್ಪೂರ ಹಚ್ಚಿದ್ದರು, ತೆಂಗಿನಕಾಯಿ ಇತ್ತು. ನಾನು ಹತ್ತು ಹೆಜ್ಜೆ ದೂರ, ಹಿಪ್ಪುನೇರಳೆ ಸಾಲಿನ ಪಕ್ಕ ಕೈಕಟ್ಟಿ ನಿಂತೆ. ಎಲ್ಲ ಮಾಡಿದ್ದು ತಮ್ಮ. ಮೂರನೇ ದಿನದ ಹಾಲುತುಪ್ಪಕ್ಕೂ ಇರಲಿಲ್ಲ, ಹನ್ನೊಂದಕ್ಕೆ ತಲೆಯನ್ನೂ ಬೋಳಿಸಲಿಲ್ಲ. ಹೀಗೆ ದೂರ ನಿಲ್ಲು ಅಂತ ನನಗೆ ಯಾವ ಪಾಸ್ಟರೂ ಹೇಳಿರಲಿಲ್ಲ, ನಾನೇ ತೀರ್ಮಾನಿಸಿದ್ದು. ಮಣ್ಣು ಹಾಕಲು ಸೋದರಮಾವ ಕರೆದರು, ಅದಕ್ಕೂ ತಲೆ ಅಲ್ಲಾಡಿಸಿದೆ.

ಒಂದು ವರ್ಷ ಆದಮೇಲೆ ಸಭೆಯ ಹಿರಿಯರೊಬ್ಬರು ತೀರಿಕೊಂಡಾಗ ಮೊದಲ ಸಲ ಕ್ರೈಸ್ತರ ಸಮಾಧಿಗೆ ಹೋದೆ. ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಇಳಿಸಿದರು. ಒಬ್ಬೊಬ್ಬರೇ ಮುಂದೆ ಬಂದು ಬಗ್ಗಿ ಮಣ್ಣು ತೆಗೆದುಕೊಂಡು ಹಾಕಿದರು. ಮೂರು ಹಿಡಿ. ನನ್ನ ಸರದಿ ಬಂತು. ಯಾರೋ ನನಗೆ ಅಷ್ಟು ಪರಿಚಯವೇ ಇಲ್ಲದ ಹಿರಿಯರಿಗೆ ನಾನು ಮೂರು ಹಿಡಿ ಮಣ್ಣು ಹಾಕಿದೆ.

ಇಷ್ಟೆಲ್ಲ ನನ್ನ ಸಾಕ್ಷಿಯಲ್ಲಿ ಬರುತ್ತಿರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಆ ಭಾನುವಾರದ ನಂತರ ನಾನು ಸಾಕ್ಷಿ ಹೇಳುವುದನ್ನು ನಿಲ್ಲಿಸಿದೆ. ಕರೆದರೆ ಗಂಟಲು ನೋವು ಅಂತ ಹೇಳುತ್ತಿದ್ದೆ, ಅದೂ ಸುಳ್ಳೇ. ಹೆಂಡತಿ ನೋಡಿ ನೋಡಿ ಒಂದು ದಿನ ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯ ತೆರೆದಿಟ್ಟಳು. ಹುಟ್ಟುಕುರುಡನೊಬ್ಬನಿಗೆ ಕಣ್ಣು ಬರುತ್ತದೆ. ಊರ ದೊಡ್ಡವರು ಅವನನ್ನು ಹಿಡಿದು ವಿಚಾರಣೆ ಮಾಡುತ್ತಾರೆ. ಅವನಪ್ಪ ಅಮ್ಮನನ್ನೂ ಕರೆಸುತ್ತಾರೆ. ಅವರು ಹೆದರಿ, ಅವನೇನು ಚಿಕ್ಕವನಾ, ಅವನನ್ನೇ ಕೇಳಿ ಅನ್ನುತ್ತಾರೆ. ಆ ಮನುಷ್ಯ ಮಾತ್ರ ತನಗೆ ಗೊತ್ತಿರುವುದನ್ನು ಗೊತ್ತು ಅಂತಾನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಾನೆ. ಅಪ್ಪ ಅಮ್ಮ ತನ್ನ ಕೈಬಿಟ್ಟರು ಅಂತ ಒಂದು ಮಾತೂ ಆಡುವುದಿಲ್ಲ. ಅವನ ಸಾಕ್ಷಿ ಒಂದು ಸಾಲಿನದ್ದು. ಆ ಅಧ್ಯಾಯವನ್ನು ಮುಂಚೆ ಎಷ್ಟೋ ಸಲ ಓದಿದ್ದೆ, ಪವಾಡ ಮಾತ್ರ ಕಂಡಿತ್ತು.

ಆ ದಿನಗಳಲ್ಲೇ ಉತ್ತಂಗಿ ಚನ್ನಪ್ಪನವರ ಬಗ್ಗೆ ಓದಿದ್ದು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕಲೆಹಾಕಿ 1924ರಲ್ಲಿ ಪುಸ್ತಕ ಮಾಡಿದವರು ಅವರು ಅಂತ ಶಾಲೆಯಲ್ಲಿ ಓದಿರುತ್ತೇವೆ. ಅವರು ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದರು ಅನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ. ಭಾನುವಾರ ಪ್ರಸಂಗ ಮಾಡುವ ಮನುಷ್ಯ ಉಳಿದ ದಿನ ಸರ್ವಜ್ಞನನ್ನು ಹುಡುಕಿಕೊಂಡು ಹೋಗುತ್ತಿದ್ದ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕ್ರಿಸ್ತನನ್ನು ಹಿಡಿದುಕೊಳ್ಳಲು ಅವರು ಸರ್ವಜ್ಞನನ್ನು ಬಿಡಬೇಕಾಗಿ ಬರಲಿಲ್ಲ. ನಾನು ಇಂಗ್ಲಿಷ್ ಹಾಡುಗಳ ಸಭೆ ಬಿಟ್ಟು ಕನ್ನಡದ ಆರಾಧನೆಗೆ ಹೋಗಲು ಶುರು ಮಾಡಿದ್ದು ಆಮೇಲೆ. ಕನ್ನಡದಲ್ಲಿ ಇಡೀ ಸತ್ಯವೇದ ಮೊದಲು ಅಚ್ಚಾಗಿದ್ದು 1831ರಲ್ಲಿ ಬಳ್ಳಾರಿಯಲ್ಲಿ, ಮಾಡಿದವರು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು. ನಾನು ಹುಟ್ಟಿದ ಆಸ್ಪತ್ರೆ ಕಟ್ಟಿದ ಮಿಷನ್ನೇ. ಮೊದಲೇ ತಿಳಿದಿದ್ದರೆ ಇದನ್ನೂ ಸಾಕ್ಷಿಗೆ ಸೇರಿಸಿಕೊಂಡು ದೇವರ ಯೋಜನೆ ಅಂತ ಮೈಕಿನಲ್ಲಿ ಕೂಗುತ್ತಿದ್ದೆನೋ ಏನೋ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾರಾದರೂ ಮನಸ್ಸಿನಲ್ಲಿ ಕೇಳುತ್ತಿರುತ್ತೀರಿ. ನಾವು ಒಕ್ಕಲಿಗರು. ನಾನು ಎದ್ದು ನಿಂತು "ನಾನು ಕ್ರೈಸ್ತನಾದೆ" ಅಂದರೆ ಮನೆಯಲ್ಲಿ ಬೇಜಾರಾಗುತ್ತದೆ, ಊರಲ್ಲಿ ನಗುತ್ತಾರೆ, ಅಷ್ಟೇ. ನಮ್ಮ ಸಭೆಯಲ್ಲೇ ಇರುವ ಒಬ್ಬ ಗೆಳೆಯ ಪರಿಶಿಷ್ಟ ಜಾತಿಯವನು. ಅವನು ಎದ್ದು ನಿಲ್ಲುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಿನವೇ ಪರಿಶಿಷ್ಟ ಜಾತಿ ಅನ್ನುವುದು ಹೋಗುತ್ತದೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನಿಲ್ಲ. ಕರ್ನಾಟಕದಲ್ಲಿ ಅಂಥವರಿಗೆ ಹಿಂದುಳಿದ ವರ್ಗದ ಪ್ರವರ್ಗ ಒಂದು ಅಂತ ಇದೆ, ಅದು ಬೇರೆ ಮಾತು. ಊರಿಗೆ ಹೋದರೆ ಅವನನ್ನು ಕೂರಿಸುವ ಜಾಗ ಮಾತ್ರ ಯಾವ ಆದೇಶಕ್ಕೂ ಬದಲಾಗಿಲ್ಲ. ನನಗಿಂತ ಹೆಚ್ಚು ಪ್ರಾರ್ಥಿಸುವವನು, ನನಗಿಂತ ದೊಡ್ಡ ಕತ್ತಲೆ ಕಂಡವನು. ಅವನು ಕೊನೇ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾನೆ, ನಾನು ಮೈಕು ಹಿಡಿದು ಇಲ್ಲದ ಕತ್ತಲೆಯನ್ನು ಹೇಳುತ್ತಿದ್ದೆ.

ಅಪ್ಪನ ವಿಷಯದಲ್ಲಿ ಮಾಡಿದ್ದನ್ನು ಸರಿಮಾಡಲು ಆಗುವುದಿಲ್ಲ. ಆದರೆ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗುತ್ತೇನೆ. ಮೊದಲ ವರ್ಷ ಹೋದಾಗ ಹೇಗಪ್ಪಾ ಅಂತ ಒಳಗೊಳಗೇ ಗಲಿಬಿಲಿ. ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನಬಹುದೋ ಬಾರದೋ ಅಂತ ಕೊರಿಂಥದವರು ಪೌಲನನ್ನು ಕೇಳಿದ್ದಕ್ಕೆ ಅವನು ಮೂರು ಅಧ್ಯಾಯ ಉತ್ತರ ಬರೆದಿದ್ದಾನೆ. ಅದನ್ನೆಲ್ಲ ಬಸ್ಸಿನಲ್ಲಿ ಓದಿಕೊಂಡು ಹೋಗಿದ್ದೆ. ಅಮ್ಮ ಅಪ್ಪನ ಫೋಟೋ ಮುಂದೆ ಎಲೆ ಹಾಕಿ ಎಡೆ ಬಡಿಸುವ ಮೊದಲೇ ಒಂದು ಡಬ್ಬಿ ತಂದು ನನ್ನ ಮುಂದಿಟ್ಟಳು. "ಇದು ಎಡೆಗೆ ಮುಂಚೆ ತೆಗ್ದಿದ್ದು. ತಿನ್ನು." ಒಬ್ಬಟ್ಟು, ವಡೆ, ಕೋಳಿ ಸಾರು. ನಾನು ಏನೂ ಕೇಳಿರಲಿಲ್ಲ. ಎಡೆಗೆ ಮುಂಚೆ ಯಾರಿಗೂ ಕೊಡದ ಮನೆ ನಮ್ಮದು. ಚಿಕ್ಕಂದಿನಲ್ಲಿ ಒಂದು ವಡೆ ಕದ್ದದ್ದಕ್ಕೆ ನನಗೆ ಸೌಟಿನಲ್ಲಿ ಬಿದ್ದಿತ್ತು. ತನ್ನ ನೇಮವನ್ನು ಮುರಿದು ನನ್ನ ನೇಮವನ್ನು ಕಾದಳು. ಈಗ ಪ್ರತಿ ವರ್ಷ ಆ ಡಬ್ಬಿ ಇರುತ್ತದೆ. ತಿಂದು ಎದ್ದು ಹೊಲಕ್ಕೆ ಹೋಗಿ ಅಪ್ಪನ ಸಮಾಧಿ ಹತ್ತಿರ ಕೂತು ನನ್ನ ರೀತಿಯಲ್ಲಿ ಪ್ರಾರ್ಥನೆ ಮಾಡಿ ಬರುತ್ತೇನೆ. ಅಮ್ಮ ಬಂದು ಅವಳ ರೀತಿಯಲ್ಲಿ ಕೈ ಮುಗಿಯುತ್ತಾಳೆ. ಅವಳು ಕ್ರೈಸ್ತಳಾಗಲಿ ಅನ್ನುವ ಆಸೆ ನನಗೆ ಇದೆ, ಇಲ್ಲ ಅಂದರೆ ಮತ್ತೊಂದು ಸುಳ್ಳಾಗುತ್ತದೆ. ಅದು ಅವಳಿಗೂ ಗೊತ್ತು. "ನಂಗೊಸ್ಕರ ಪ್ರಾರ್ಥನೆ ಮಾಡು, ಮಂಡಿ ನೋವು" ಅನ್ನುತ್ತಾಳೆ.

2019ರ ಡಿಸೆಂಬರಿನಲ್ಲಿ ಸಭೆಯ ಯೌವನಸ್ಥರೆಲ್ಲ ಸ್ಕಂದಗಿರಿ ಹತ್ತಬೇಕು ಅಂದರು. ನಿಮ್ಮೂರೇ ಅಲ್ವಾ ಅಣ್ಣ, ನೀವೇ ಕರ್ಕೊಂಡು ಹೋಗಿ. ನಾವು ಚಿಕ್ಕವರಿದ್ದಾಗ ಅದಕ್ಕೆ ಸ್ಕಂದಗಿರಿ ಅನ್ನುತ್ತಿದ್ದವರೇ ಕಡಿಮೆ, ಕಳವಾರ ಬೆಟ್ಟ. ಟಿಪ್ಪು ಕಾಲದ ಕೋಟೆ ಅಂತ ಕರೆಯುವ ಪಾಳು ಗೋಡೆಗಳು, ತುದಿಯಲ್ಲಿ ಒಂದು ಗುಡಿ, ಬುಡದಲ್ಲಿ ಪಾಪಾಗ್ನಿ ಮಠ. ದನ ಕಳೆದುಹೋದರೆ ಹುಡುಕಲು ಮಾತ್ರ ಹತ್ತುತ್ತಿದ್ದೆವು. ನಾನು ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಸಾಫ್ಟ್‌ವೇರಿನವರು ಶನಿವಾರ ರಾತ್ರಿ ಟಾರ್ಚ್ ಹಿಡಿದು ಸಾಲುಗಟ್ಟಿ ಬರತೊಡಗಿದರು, ನಮ್ಮ ಕಡೆ ಹುಡುಗರಿಗೆ ದಾರಿ ತೋರಿಸುವ ಕೆಲಸ ಸಿಕ್ಕಿತು. ಇವರಿಗೇನು ತಲೆ ಕೆಟ್ಟಿದೆಯಾ ಅಂತ ನಗುತ್ತಿದ್ದವನು ನಾನು. ಈಗ ಅದಕ್ಕೆ ಆನ್‌ಲೈನ್ ಟಿಕೆಟ್ಟು, ಅದನ್ನು ಬುಕ್ ಮಾಡಿದವನೂ ನಾನೇ.

ನಸುಕಿಗೆ ಹತ್ತಲು ಶುರು ಮಾಡಿದೆವು. ಅರ್ಧ ದಾರಿಯ ಬಂಡೆ ಮೇಲೆ ನಿಂತು ತಿರುಗಿ ನೋಡಿದರೆ ಕೆಳಗೆ ಒಂದೇ ಒಂದು ಲೈಟು. ನಮ್ಮ ಹುಳು ಮನೆ. ನಾಲ್ಕನೇ ಜ್ವರ ಎದ್ದಿದೆ ಅಂತ ತಮ್ಮ ಹಿಂದಿನ ದಿನವೇ ಹೇಳಿದ್ದ. ಸುಮಾರು 1,450 ಮೀಟರಿನ ತುದಿ ಮುಟ್ಟುವ ಹೊತ್ತಿಗೆ ಕೆಳಗೆಲ್ಲ ಮೋಡ, ಊರು ಕಾಣಲಿಲ್ಲ. ಅದನ್ನೇ ನೋಡಲು ತಾನೇ ಜನ ಬರುವುದು. ಫೋಟೋ ತೆಗೆದಿದ್ದಾಯಿತು, ಹಾಡಿದ್ದಾಯಿತು. ಅಣ್ಣ, ನಿಮ್ಮೂರ ಮೇಲೇ ಇದ್ದೀವಿ, ನಿಮ್ಮ ಸಾಕ್ಷಿ ಹೇಳಿ ಅಂದರು. ಹಳೆಯದನ್ನು ಕೇಳಿದ್ದ ಇಬ್ಬರು ಅವರಲ್ಲಿದ್ದರು.

ಹೇಳಿದೆ. ಲಾಟೀನು, ಸೊಪ್ಪು, ಗೋಡೆಗೆ ಒರಗಿ ಮಲಗಿದ್ದು, ಆಫೀಸಿನಲ್ಲಿ ಓದಿದ್ದು. ಮೊದಲು ಹೇಳುತ್ತಿದ್ದುದರಲ್ಲಿ ಸುಳ್ಳು ಯಾವುದು ಅಂತಲೂ ಹೇಳಿದೆ, ಅಪ್ಪನ ಹೆಸರು ಹೇಳಿ. ಮೂರ್ನಾಲ್ಕು ನಿಮಿಷವಾಗಿರಬೇಕು. ಕಾಲೇಜು ಹುಡುಗನೊಬ್ಬ "ಅಷ್ಟೇನಾ ಅಣ್ಣ?" ಅಂದ. ಅಷ್ಟೇ ಅಂದೆ. ಯಾರೂ ಅಳಲಿಲ್ಲ. ಗಾಳಿ ಜೋರಾಗಿತ್ತು, ಎಲ್ಲರಿಗೂ ಹಸಿವಾಗಿತ್ತು.

ಇಳಿದು ಮನೆಗೆ ಬಂದಾಗ ಅಮ್ಮ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿಟ್ಟಿದ್ದಳು. ತಿಂದಮೇಲೆ ಹುಡುಗರಿಗೆಲ್ಲ ಹುಳ ನೋಡುವ ಆಸೆ. ಚಪ್ಪಲಿ ಬಿಡಿಸಿ, ಸೋಪು ಹಾಕಿ ಕೈ ತೊಳೆಸಿ, ಸೆಂಟು ಹಾಕಿಕೊಂಡಿದ್ದ ಒಬ್ಬನನ್ನು ಹೊರಗೇ ನಿಲ್ಲಿಸಿ, ನಾಲ್ಕು ನಾಲ್ಕು ಜನರನ್ನು ಒಳಗೆ ಬಿಟ್ಟಳು. ಎಲ್ಲ ಸುಮ್ಮನಾದರು. ಮಳೆಯ ಸದ್ದು ಕೇಳಿ ಒಬ್ಬಳು ಮೇಲೆ ಶೀಟಿನ ಕಡೆ ನೋಡಿದಳು.

ಎಲ್ಲ ಹೊರಗೆ ಹೋದಮೇಲೆ ಅಮ್ಮ ತಟ್ಟೆ ಸರಿಮಾಡುತ್ತಾ, "ಬೆಟ್ಟದ್ ಮೇಲೆ ಏನ್ ಹೇಳ್ದೆ?" ಅಂದಳು.

"ಅಪ್ಪ ರಾತ್ರಿ ಎಬ್ಬಿಸ್ತಿದ್ದನಲ್ಲ, ಅದು."

ಅಮ್ಮ ಒಂದು ಹಿಡಿ ಸೊಪ್ಪು ತೆಗೆದು ನೋಡಿದಳು, ಮಂಜಿನ ಪಸೆ ಇದೆಯಾ ಅಂತ ಕೆನ್ನೆಗೆ ಒತ್ತಿಕೊಂಡಳು.

"ನೀನು ಏಳ್ತಾನೇ ಇರ್ಲಿಲ್ಲ" ಅಂದಳು. "ಬಾಗ್ಲು ಹಾಕು, ಊಜಿ ನೊಣ ಬರ್ತವೆ."